ಬಾಯಿಮಾತು ನಡೆಯುವುದಿಲ್ಲ

ಅಚ್ಚುಕೂಟದ ಒಳಗೆ ಕಾಲಿಟ್ಟವರ ಕಣ್ಣಿಗೆ ಮೊದಲು ಬೀಳುತ್ತಿದ್ದುದು ಎದುರುಗೋಡೆಯ ಹಲಗೆ. ‘ತಿದ್ದುಪಡಿ ಇದ್ದಲ್ಲಿ ಪ್ರೂಫಿನ ಮೇಲೆಯೇ ಬರೆದು, ಸಹಿ ಮಾಡಿ, ತಾರೀಖು ಹಾಕತಕ್ಕದ್ದು. ಬಾಯಿಮಾತು ನಡೆಯುವುದಿಲ್ಲ.’ ಬರೆಸಿದವನು ಅಚ್ಚಮ್ಮನ ಗಂಡ. ಯಾರೋ ಪುಣ್ಯಾತ್ಮ ಬಾಗಿಲಲ್ಲೇ ನಿಂತು ಹೇಳಿಹೋದ ಮಾತನ್ನು ನಂಬಿ, ಸಾವಿನ ಸುದ್ದಿಯ ಕಾಗದದಲ್ಲಿ ಸತ್ತ ಅಣ್ಣನ ಜಾಗಕ್ಕೆ ಗುಂಡುಕಲ್ಲಿನ ಹಾಗಿದ್ದ ತಮ್ಮನ ಹೆಸರು ಹಾಕಿ, ಆ ತಮ್ಮನಿಂದಲೇ ಸಹಸ್ರನಾಮ ಕೇಳಿಸಿಕೊಂಡ ಮರುದಿನ ಬರೆಸಿದ್ದು. ಗಂಡ ಹೋದ. ಹಲಗೆ ಉಳಿಯಿತು, ನಿಯಮವೂ ಉಳಿಯಿತು. ಒಂದು ಕೆಲಸಕ್ಕೆ ಒಂದೇ ಪ್ರೂಫು. ಹತ್ತು ಸಲ ತಿದ್ದಿದರೂ ಅದೇ ಹಾಳೆಯ ಅಂಚಿನಲ್ಲಿ ತಿದ್ದಬೇಕು. ಅಚ್ಚಿನ ಮನೆಯ ಯಜಮಾನಿಯಾದ್ದರಿಂದ ಊರು ಅವಳನ್ನು ಅಚ್ಚಮ್ಮ ಎಂದು ಕರೆಯುತ್ತಿತ್ತು. ಅವಳ ಹುಟ್ಟುಹೆಸರು ಅವಳ ತಮ್ಮನೊಬ್ಬನಿಗೆ ಬಿಟ್ಟರೆ ಬೇರೆ ಯಾರಿಗೂ ನೆನಪಿರಲಿಲ್ಲ. ಅವನೋ ಅವಳನ್ನು ಅಕ್ಕ ಎನ್ನುತ್ತಿದ್ದ.

ತಮ್ಮ ಶಾಲೆಯಲ್ಲಿ ಭೂಗೋಳದ ಮೇಷ್ಟ್ರು. ತಾಯಿ ತೀರಿಕೊಂಡಾಗ ಅವನಿಗೆ ನಾಲ್ಕು ವರ್ಷ, ಅವಳಿಗೆ ಹದಿನೈದು. ಅಂದಿನಿಂದ ಅವನ ಮೂಗು ಒರೆಸಿದವಳು, ಅಂಗಿಗೆ ಗುಂಡಿ ಹೊಲಿದವಳು, ಅಕ್ಷರ ಕಲಿಸಿದವಳು ಅವಳೇ. ಅಕ್ಷರ ಕಲಿಸಿದ್ದಕ್ಕೆ ಆಮೇಲೆ ಒಂದೆರಡು ಸಲ ತನ್ನ ಕೈಗೆ ತಾನೇ ಶಾಪ ಹಾಕಿಕೊಂಡಳು.

ಒಂದು ಗುರುವಾರ ಮಧ್ಯಾಹ್ನ ತಮ್ಮನೂ ಸೇರಿ ಐದು ಜನ ಬಂದರು. ತಮ್ಮನ ಕೈಯಲ್ಲಿ ಒಂದು ಪುಟದ ಬರಹ. ‘ಇಂದಿನಿಂದ ಈ ನಾಡು ಯಾರ ಸ್ವತ್ತೂ ಅಲ್ಲ’ ಎಂದು ಶುರುವಾಗುವ ಮೂವತ್ತೆರಡು ಸಾಲು. ಕಡಲಾಚೆಯವರ ಸರ್ಕಾರಕ್ಕೆ ಇನ್ನು ನಮ್ಮ ಮೇಲೆ ಅಧಿಕಾರವಿಲ್ಲ, ನಾವು ಸ್ವತಂತ್ರರು ಎಂದು ನೇರವಾಗಿ, ನೀರು ಕುಡಿದಷ್ಟು ಸುಲಭವಾಗಿ ಬರೆದಿದ್ದ. ಸೋಮವಾರ ಚೌಕದಲ್ಲಿ ಓದುವುದು, ಸಾವಿರ ಪ್ರತಿ ಹಂಚುವುದು, ಕೆಳಗೆ ಐವರ ಹೆಸರು. ಅಚ್ಚಮ್ಮ ಓದಿದಳು. ಹೆದರಿಕೆಯೂ ಆಯಿತು, ಹೆಮ್ಮೆಯೂ ಆಯಿತು. ಯಾವುದು ಎಷ್ಟು ಎಂದು ಅಳೆಯುವಷ್ಟು ಪುರುಸೊತ್ತು ಇರಲಿಲ್ಲ. ಸೀಸದ ಅಕ್ಷರದ ಮೊಳೆಗಳನ್ನು ಜೋಡಿಸಿ ಪ್ರೂಫು ತೆಗೆದುಕೊಟ್ಟಳು.

ಅಲ್ಲಿಂದ ಶುರುವಾಯಿತು ನೋಡಿ.

“ಹೆಸರು ಯಾವ ಕ್ರಮದಲ್ಲಿ ಹಾಕಿದ್ದೀರಿ?” ಎಂದರು ವಕೀಲರು. ನಾಡಿನ ಅರ್ಧ ಜಮೀನಿನ ವ್ಯಾಜ್ಯ ಅವರ ಕಪಾಟಿನಲ್ಲಿತ್ತು. ಮಾತಾಡುವಾಗ ಎರಡು ಬೆರಳು ಎತ್ತಿಯೇ ಮಾತಾಡುವವರು.

“ಕೊಟ್ಟ ಕಾಗದದಲ್ಲಿ ಹೇಗಿತ್ತೋ ಹಾಗೆ.”

“ಹಾಗಲ್ಲ. ನಾಳೆ ಇತಿಹಾಸ ಓದೋರು ಮೊದಲನೇ ಹೆಸರನ್ನ ನೆನಪಿಟ್ಕೋತಾರೆ. ಮೊದಲನೇದು ತೂಕದ ಹೆಸರಾಗಿರಬೇಕು.”

“ತೂಕ ಅಂದ್ರೆ ನಾನೇ ಅಲ್ವೇ?” ಎಂದು ಮರದ ಸಾಹುಕಾರ ಹೊಟ್ಟೆ ಕುಲುಕಿಸಿ ನಕ್ಕ. ನಗು ಮುಗಿದ ಮೇಲೂ ಕೈ ಪ್ರೂಫಿನ ಮೇಲೇ ಇತ್ತು. ನಾಲ್ಕನೆಯವನು ಭಾಷಣಕಾರ, ಊರು ಅವನಿಗೆ ಗಂಟಲು ಎಂದೇ ಹೆಸರಿಟ್ಟಿತ್ತು. ತನ್ನ ಹೆಸರಿನ ಹಿಂದೆ ‘ಜನಪ್ರಿಯ ವಾಗ್ಮಿ’ ಎಂದು ಸೇರಿಸಲೇಬೇಕು ಎಂದು ಅವನು ಪಟ್ಟುಹಿಡಿದ. ಡಾಕ್ಟರು ಮಾತ್ರ ಕುರ್ಚಿಯ ತುದಿಯಲ್ಲಿ ಕೂತು ಕನ್ನಡಕ ಒರೆಸುತ್ತಾ, “ನಂದು ಎಲ್ಲಿದ್ರೂ ನಡೆಯುತ್ತೆ, ಆದ್ರೆ ಸಾಹುಕಾರರಿಗಿಂತ ಚಿಕ್ಕದಾಗಿ ಬೇಡ” ಎಂದರು.

ಅಚ್ಚಮ್ಮ ಹಲಗೆ ತೋರಿಸಿದಳು. ಒಬ್ಬೊಬ್ಬರೂ ಪೆನ್ನು ತೆಗೆದರು. ‘ನನ್ನ ಹೆಸರು ಮೊದಲು, ಮೂವತ್ತಾರು ಪಾಯಿಂಟಿನ ದಪ್ಪ ಮೊಳೆಯಲ್ಲಿ’ ಎಂದು ವಕೀಲರು ಬರೆದು, ಸಹಿ ಜಡಿದು, ತಾರೀಖು ಹಾಕಿದರು. ‘ನನ್ನದೂ ಅಷ್ಟೇ ದಪ್ಪ’ ಎಂದು ಸಾಹುಕಾರ. ಆಮೇಲೆ ಗಂಟಲು, ಆಮೇಲೆ ಡಾಕ್ಟರು. ಹಾಳೆಯ ಬಲ ಅಂಚಿನ ಉದ್ದಕ್ಕೂ ಶಾಯಿಯಾಯಿತು. ಮೇಲಿನ ಮೂವತ್ತೆರಡು ಸಾಲಿನ ಕಡೆ ನಾಲ್ವರೂ ಕಣ್ಣು ಹಾಯಿಸಲಿಲ್ಲ. ಅವಸರದಲ್ಲಿ ಅಚ್ಚಮ್ಮ ಒಂದು ಇಡೀ ಸಾಲನ್ನು ಎರಡು ಸಲ ಜೋಡಿಸಿಬಿಟ್ಟಿದ್ದಳು. ಅದನ್ನು ಕಂಡವನು ತಮ್ಮ ಒಬ್ಬನೇ.

“ಅಕ್ಕ, ಇಲ್ಲಿ ‘ನಮ್ಮ ಮಕ್ಕಳು ನಮ್ಮ ನಕ್ಷೆಯನ್ನು ನಾವೇ ಬರೆಯುವುದನ್ನು ನೋಡಲಿ’ ಅನ್ನೋದು ಎರಡು ಸಲ ಬಂದಿದೆ.”

“ನಿನ್ನ ಹೆಸರು ಎಲ್ಲಿ ಹಾಕಲೋ?”

“ಕೊನೇಲಿ ಹಾಕು. ಸಣ್ಣ ಮೊಳೆ ಸಾಕು, ಇವರದಕ್ಕೇ ಪುಟ ಸಾಲಲ್ಲ.”

ಅವರು ಹೋದ ಮೇಲೆ ಅಚ್ಚಮ್ಮ ನೆಲ ಒರೆಸಿದಳು. ನೆಲದಲ್ಲಿ ಕೊಳೆಯೇನೂ ಇರಲಿಲ್ಲ. ಒರೆಸಬೇಕು ಅನ್ನಿಸಿತು, ಒರೆಸಿದಳು.

ಶುಕ್ರವಾರ ಬೆಳಿಗ್ಗೆ ಸರ್ಕಾರಕ್ಕೆ ವಾಸನೆ ಬಡಿಯಿತು. ಊರಿನ ಗೋಡೆಗಳ ಮೇಲೆಲ್ಲ ಸುಣ್ಣ ಬಳಿದ ಹಾಗೆ ಬಿಳಿ ಪ್ರಕಟಣೆ. ಇಂಥ ಕಾಗದಕ್ಕೆ ಹೆಸರು ಕೊಟ್ಟವರಿಗೆ ನೇಣು, ಆಸ್ತಿ ಜಪ್ತಿ, ಹೆಂಡತಿ ಮಕ್ಕಳು ಗಡಿಪಾರು. ಎಷ್ಟು ಜನ, ಯಾರು ಎಂದು ಅವರಿಗಿನ್ನೂ ಗೊತ್ತಿರಲಿಲ್ಲ. ಗೊತ್ತಾಗುವ ಮೊದಲೇ ನಾಲ್ಕು ಜೊತೆ ಕಾಲುಗಳು ಅಚ್ಚುಕೂಟದ ಹಿಂಬಾಗಿಲಿನ ದಾರಿ ಹುಡುಕತೊಡಗಿದ್ದವು.

ಶನಿವಾರ ಹಿಂಬಾಗಿಲು ಬಡಿದವನು ಸಾಹುಕಾರ. ಗುರುವಾರ ಮುಂಬಾಗಿಲಿನ ತುಂಬ ಬಂದಿದ್ದ ಮನುಷ್ಯ, ಈಗ ಅಡ್ಡಡ್ಡ ತಿರುಗಿ ಒಳಗೆ ತೂರಿಕೊಂಡ.

“ಅಮ್ಮಾ, ನನ್ನ ಹೆಸರು ಒಂದು ತೆಗೆದುಬಿಡಿ. ದೊಡ್ಡ ಸಂಸಾರ ನಂದು. ಮೂರು ಡಿಪೋ ಇದೆ.”

“ಬರೆದುಕೊಡಿ.”

“ಬಾಯಲ್ಲೇ ಹೇಳ್ತಿದ್ದೀನಲ್ಲಮ್ಮ!”

ಅವಳು ಹಲಗೆಯ ಕಡೆ ಕಣ್ಣು ಮಾಡಿದಳು. ಬಾಯಿಮಾತಿಗೆ ಒಂದು ಹೆಸರನ್ನೂ ಮುಟ್ಟುವವಳಲ್ಲ ಎಂದು ಅವನಿಗೆ ಗೊತ್ತಿತ್ತು. ಹೆಸರು ಉಳಿದರೆ ನೇಣು. ತೆಗೆಸಬೇಕೆಂದರೆ ಆ ಹೆಸರನ್ನೇ ಸ್ವಂತ ಕೈಯಲ್ಲಿ ಇನ್ನೊಂದು ಸಲ ಬರೆಯಬೇಕು. ಬೆವರು ಒರೆಸಿಕೊಂಡ, ಬರೆದ. ‘ನನ್ನ ಹೆಸರು ತೆಗೆಯಿರಿ.’ ಸಹಿ. ತಾರೀಖು. ಎರಡು ದಿನದ ಹಿಂದೆ ‘ನನ್ನದೂ ಅಷ್ಟೇ ದಪ್ಪ’ ಎಂದು ಬರೆದಿದ್ದರ ಕೆಳಗೇ.

ಹೋಗುವಾಗ ಕೇಳಿದ, “ಬೇರೆಯವರು ಯಾರಾದ್ರೂ ತೆಗೆಸಿದ್ರಾ?”

“ನೀವೇ ಮೊದಲು.”

ಮೊದಲನೆಯ ಜಾಗಕ್ಕಾಗಿ ಅಷ್ಟು ಕಿತ್ತಾಡಿದ್ದವನಿಗೆ ಕೊನೆಗೂ ಅದು ಸಿಕ್ಕಿತು, ಆದರೆ ಮುಖ ಯಾಕೋ ಅರಳಲಿಲ್ಲ.

ಗಂಟಲು ಬಂದಾಗ ಅವನಿಗೆ ಗಂಟಲೇ ಇರಲಿಲ್ಲ. ಶಾಲು ಸುತ್ತಿಕೊಂಡು, ವೈದ್ಯರು ಮಾತಾಡಬಾರದು ಎಂದಿದ್ದಾರೆ ಎಂದು ಸನ್ನೆ ಮಾಡಿ, ಬರೆದು ಹೋದ. ಡಾಕ್ಟರು ಬಂದು ಕೂತು ಅತ್ತರು. “ನನಗೆ ಹೆದರಿಕೆ ಆಗ್ತಿದೆಯಮ್ಮ. ಬೇರೆ ಕಾರಣ ಏನೂ ಇಲ್ಲ” ಎಂದರು. ಆ ಒಂದು ಮಾತಿಗೆ ಅಚ್ಚಮ್ಮ ಅವರಿಗೆ ಒಂದು ಲೋಟ ನೀರು ಕೊಟ್ಟಳು. ಬೇರೆ ಯಾರಿಗೂ ಕೊಡಲಿಲ್ಲ.

ಕೊನೆಗೆ ವಕೀಲರು. ಅವರು ಹೆದರಿದ್ದರು ಎಂದು ಯಾರಾದರೂ ಅಂದರೆ ಮಾನನಷ್ಟದ ಕೇಸು ಹಾಕಿಯಾರು, ಅಷ್ಟು ಠೀವಿ. “ಇದು ಕಾರ್ಯತಂತ್ರ. ಎಲ್ಲರೂ ಒಳಗೆ ಹೋದ್ರೆ ಹೊರಗಿದ್ದು ವಾದ ಮಾಡೋರು ಯಾರು? ನಿಮ್ಮ ತಮ್ಮನ ಪರವಾಗಿ ನಾನು ನಿಲ್ತೀನಿ. ಅದಕ್ಕಾಗಿ ಹೆಸರು ತ್ಯಾಗ ಮಾಡ್ತಿದ್ದೀನಿ.” ತ್ಯಾಗವನ್ನು ಬರೆದು, ಸಹಿ ಹಾಕಿ, ತಾರೀಖು ಹಾಕಿದರು. ಪೆನ್ನಿನ ಮುಚ್ಚಳವನ್ನು ಎರಡು ಸಲ ಬೇರೆ ಕಡೆಗೆ ಚುಚ್ಚಿ, ಮೂರನೆಯ ಸಲ ಸರಿಯಾಗಿ ಹಾಕಿದರು.

ಹೆದರಿಕೆ ಅಚ್ಚಮ್ಮನಿಗೆ ಅರ್ಥವಾಗುತ್ತಿತ್ತು. ಅವಳೂ ಮೂರು ದಿನದಿಂದ ಸರಿಯಾಗಿ ಉಂಡಿರಲಿಲ್ಲ. ಹೆದರಿಕೆಗೆ ಜರಿಯ ಅಂಗಿ ತೊಡಿಸಿ ಮೆರೆಸುತ್ತಾರಲ್ಲ, ಅದು ಹೇಸಿಗೆ.

ಭಾನುವಾರ ತಮ್ಮ ಬಂದಾಗ ಹಾಳೆಯನ್ನು ಅವನ ಮುಂದೆ ಎಸೆದಳು. “ನೋಡು ನಿನ್ನ ಶೂರರನ್ನ. ನಿನ್ನ ಹೆಸರನ್ನೂ ತೆಗೀತೀನಿ. ಬರಿ.”

ಅವನು ಅಂಚುಗಳನ್ನು ನಿಧಾನವಾಗಿ ಓದಿದ, ಮಕ್ಕಳ ಉತ್ತರಪತ್ರಿಕೆ ಓದುವ ಹಾಗೆ. “ಐದೂ ಹೋದ್ರೆ ಇದು ಗಾಳಿಸುದ್ದಿ ಆಗುತ್ತೆ ಅಕ್ಕ. ನಾವು ಸ್ವತಂತ್ರರು ಅಂತ ಹೇಳಿದೋರು ಯಾರು ಅಂತ ಕೇಳಿದ್ರೆ, ಯಾರೋ ಅಂತಾರೆ. ಯಾರೋ ಹೇಳಿದ್ದನ್ನ ಯಾರು ನಂಬ್ತಾರೆ?”

“ನಂಬೋದು ಬೇಡ! ನೀನು ಬದುಕಿದ್ರೆ ಸಾಕು. ನಿನ್ನನ್ನ ಸಾಕಿದ್ದು ಈ ಹಾಳೆಗೋಸ್ಕರ ಅಲ್ಲ ಕಣೋ.”

“ನಿನ್ನ ಹೆಸರೂ ಇದೆಯಲ್ಲ, ಮುದ್ರಕರು ಅಂತ ಕೆಳಗೆ. ಅದನ್ನ ಬೇಕಾದ್ರೆ ತೆಗಿ.”

“ನನ್ನ ಅಚ್ಚುಕೂಟದಿಂದ ಹೆಸರಿಲ್ಲದ ಕಾಗದ ಒಂದೂ ಹೊರಗೆ ಹೋಗಿಲ್ಲ” ಎಂದುಬಿಟ್ಟಳು. ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು. ಅವನು ನಕ್ಕ. ಪೆನ್ನು ತೆಗೆದುಕೊಂಡು ಎಡ ಅಂಚಿನಲ್ಲಿ, ಯಾರ ಶಾಯಿಯೂ ಬೀಳದ ಕಡೆ, ‘ಅಚ್ಚಿಗೆ ಹೋಗಲಿ’ ಎಂದು ಬರೆದು ಸಹಿ ಹಾಕಿ ತಾರೀಖು ಹಾಕಿದ.

ನಾಲ್ಕು ಹೆಸರಿನ ಮೊಳೆಗಳನ್ನು ಕಿತ್ತು ಪೆಟ್ಟಿಗೆಗೆ ಹಾಕಿದಳು. ತಮ್ಮನ ಹೆಸರನ್ನು ಸರಿಯಾಗಿ ಬಿಗಿದು ಕೂರಿಸಿದಳು. ಅವನಿಗೆ ಆ ಹೆಸರಿಟ್ಟದ್ದು ಅವರ ತಾಯಿ. ಅದರ ಅಕ್ಷರಗಳನ್ನು ಅವನ ಕೈ ಹಿಡಿದು ಬರೆಸಿದ್ದು ಅವಳು. ಈಗ ಅವೇ ಅಕ್ಷರಗಳನ್ನು ಒಂದೊಂದಾಗಿ ಎತ್ತಿ ಅವನ ಕೊರಳಿಗೆ ಜೋಡಿಸುತ್ತಿದ್ದೇನೆ ಅನ್ನಿಸಿತು. ಆದರೂ ಒಂದು ಮೊಳೆಯೂ ಓರೆಯಾಗಲಿಲ್ಲ. ಕೈಯ ಅಭ್ಯಾಸ ಅಂಥದು. ಅಚ್ಚು ಮುಗಿದ ಮೇಲೆ ಪ್ರೂಫಿನ ಹಾಳೆಯನ್ನು ಮಡಚದೆ, ಹಳೆಯ ಮೊಳೆಪೆಟ್ಟಿಗೆಯ ತಳದಲ್ಲಿ ಅಂಟಿಸಿದ್ದ ಕಾಗದದ ಅಡಿಗೆ ಸರಿಸಿ, ಮೇಲೆ ಮೊಳೆ ಸುರಿದಳು.

ಸೋಮವಾರ ಚೌಕದಲ್ಲಿ ಅವನು ಒಬ್ಬನೇ ನಿಂತು ಓದಿದ. ಮೂವತ್ತೆರಡೂ ಸಾಲು ಓದಲು ಬಿಟ್ಟರು, ಜನ ಅಷ್ಟಿದ್ದರು. ಮೆಟ್ಟಿಲಿಳಿದ ಕೂಡಲೇ ಹಿಡಿದರು. ಸಂಜೆಯೊಳಗೆ ಅಚ್ಚುಕೂಟಕ್ಕೆ ಬಂದು ಯಂತ್ರದ ಚಕ್ರ ಮುರಿದು, ಮೊಳೆಗಳನ್ನೆಲ್ಲ ಬೀದಿಯ ಚರಂಡಿಗೆ ಸುರಿದು, ಖಾಲಿ ಪೆಟ್ಟಿಗೆಗಳನ್ನು ಅಂಗಳಕ್ಕೆ ಎಸೆದು ಬೀಗ ಹಾಕಿದರು. ಅವಳು ಪೆಟ್ಟಿಗೆಗಳನ್ನು ಸೌದೆಗಾದರೂ ಆದೀತು ಎಂದು ಹೇಳಿ ಮನೆಗೆ ಹೊತ್ತಳು. ದಿನಾ ಠಾಣೆಗೆ ಹೋಗಿ ಸಹಿ ಹಾಕಿ ಬರಬೇಕು ಎಂದಾಯಿತು.

ಠಾಣೆಯ ಅಧಿಕಾರಿ ಒಳ್ಳೆಯ ಮಾತಿನವನು, ಕುರ್ಚಿ ಕೊಟ್ಟು ಕೂರಿಸಿದ. “ಒಬ್ಬ ಮೇಷ್ಟ್ರು ಇದನ್ನೆಲ್ಲ ಮಾಡಿದ ಅಂದ್ರೆ ನಂಬೋಕಾಗುತ್ತಾ? ಜೊತೆಗಿದ್ದೋರ ಹೆಸರು, ಬರಹದಲ್ಲಿ ಏನಾದ್ರೂ ಇದ್ರೆ ಕೊಡಿ. ನೇಣು ತಪ್ಪುತ್ತೆ. ಗಡಿಪಾರು ಅಷ್ಟೇ. ಎಲ್ಲೋ ಒಂದು ಕಡೆ ಬದುಕಿರ್ತಾನೆ.”

ಎಲ್ಲೋ ಒಂದು ಕಡೆ ಬದುಕಿರುತ್ತಾನೆ. ಆ ಮಾತನ್ನೇ ಜಪಿಸುತ್ತಾ ಅವಳು ಜೈಲಿನ ಭೇಟಿಯ ಕೋಣೆಗೆ ಹೋದಳು. ತಂತಿಬಲೆಯ ಆಚೆ ತಮ್ಮ. ಅಂಗಿಯ ಮೇಲಿನ ಗುಂಡಿ ಕಿತ್ತಿತ್ತು. ಕಾವಲಿನವನು ದೂರ ಸರಿಯುವವರೆಗೆ ಕಾದು ಪಿಸುಗುಟ್ಟಿದಳು.

“ಹಾಳೆ ನನ್ನ ಹತ್ರ ಇದೆ. ಕೊಟ್ಟುಬಿಡ್ತೀನಿ.”

“ಬೇಡ ಅಕ್ಕ.”

“ಬಾಲ ಮುದುರಿಕೊಂಡು ಓಡಿದ ನಾಯಿಗಳು ಕಣೋ ಅವು! ಆ ವಕೀಲ ನಿನ್ನ ಪರ ನಿಲ್ತೀನಿ ಅಂದೋನು, ಹೊಟ್ಟೆನೋವು ಅಂತ ಊರೇ ಬಿಟ್ಟಿದ್ದಾನೆ. ಅವರಿಗೋಸ್ಕರ ನೀನು ಸಾಯ್ತೀಯಾ?”

“ಅವರಿಗೋಸ್ಕರ ಅಲ್ಲ. ಹೆಸರು ಕೊಡೋದು ಬಿಡೋದು ಅವರಿಷ್ಟ. ನಮ್ಮಿಷ್ಟದ ಹಾಗೆ ಇರ್ತೀವಿ ಅಂತಾನೇ ಅಲ್ವಾ ಆ ಕಾಗದದಲ್ಲಿ ಬರೆದದ್ದು? ಒಬ್ಬರ ಕುತ್ತಿಗೆ ಉಳಿಸೋಕೆ ನಾಲ್ಕು ಕುತ್ತಿಗೆ ಕೊಟ್ಟರೆ, ಈ ಜನರಿಗೆ ಸ್ವಾತಂತ್ರ್ಯ ಯಾಕೆ ಅಂತ ಕಡಲಾಚೆಯೋರು ನಗ್ತಾರೆ.” ಬಲೆಗೆ ಬೆರಳು ಸಿಕ್ಕಿಸಿದ. “ಮಾತು ಕೊಡು.”

ಅವಳಿಗೆ ಅವನ ಮೇಲೂ ಅಸಹ್ಯವಾಯಿತು, ಅಷ್ಟು ಒಳ್ಳೆಯವನಾಗಿರುವುದಕ್ಕೆ. ಒಂದೊಂದು ಪದವನ್ನೂ ನೋಡಿ ನೋಡಿ ಎತ್ತಿ ಜೋಡಿಸಿದಳು. “ಈ ಸರ್ಕಾರ ಇರೋ ತನಕ ಆ ಹಾಳೆ ಯಾರ ಕಣ್ಣಿಗೂ ಬೀಳಲ್ಲ.”

ಜೀವಮಾನದಲ್ಲಿ ಅವಳು ನಡೆಸಿಕೊಟ್ಟ ಬಾಯಿಮಾತು ಅದೊಂದೇ. ನಲವತ್ತನೆಯ ದಿನ ಅವನನ್ನು ನೇಣಿಗೆ ಹಾಕಿದರು. ಅಂಗಿಗೆ ಹಾಕಲೆಂದು ಒಯ್ದಿದ್ದ ಗುಂಡಿ ಅವಳ ಸೆರಗಿನ ಗಂಟಿನಲ್ಲೇ ಉಳಿಯಿತು.

ಒಂಬತ್ತು ವರ್ಷಕ್ಕೆ ಕಡಲಾಚೆಯವರು ಗಂಟುಮೂಟೆ ಕಟ್ಟಿದರು. ಅವರು ಹತ್ತಿದ ಹಡಗು ಮರೆಯಾಗುವ ಮೊದಲೇ ವಕೀಲರ ಹೊಟ್ಟೆನೋವು ವಾಸಿಯಾಯಿತು. ಅವರು ದೇಶದ ಅಧ್ಯಕ್ಷರಾದರು. ಕಾಡು ಕಡಿದ ಸಾಹುಕಾರ ಅರಣ್ಯಮಂತ್ರಿಯಾದ. ಗಂಟಲು ರೇಡಿಯೋಗೆ ಹೊಕ್ಕು, ದಿನಾ ಬೆಳಿಗ್ಗೆ ಜನರ ಕಿವಿಗೆ ತನ್ನ ತ್ಯಾಗವನ್ನು ಸುರಿಯತೊಡಗಿದ. ಐವರೂ ಸೇರಿ ಘೋಷಿಸಿದ್ದು, ಐವರೂ ಸಹಿ ಹಾಕಿದ್ದು ಎಂಬುದು ಅವನ ಕಥೆ. ಹಾಗಾದರೆ ಕಾಗದದಲ್ಲಿ ಒಂದೇ ಹೆಸರು ಯಾಕಿದೆ ಎಂದು ಯಾರೋ ಕೇಳಿದರಂತೆ. ಗಂಟಲು ಗದ್ಗದನಾಗಿ ಉತ್ತರಿಸಿದ: “ಮುದ್ರಣದೋಷ. ಪಾಪ, ಗಡಿಬಿಡಿಯಲ್ಲಿ ನಾಲ್ಕು ಹೆಸರು ಬಿಟ್ಟುಹೋಯ್ತು.”

ಅಚ್ಚಮ್ಮ ಆಗ ರೇಡಿಯೋ ಕೇಳುತ್ತಾ ತರಕಾರಿ ಹೆಚ್ಚುತ್ತಿದ್ದಳು. ಈಳಿಗೆಮಣೆಯಿಂದ ಎದ್ದು ಬಚ್ಚಲಿಗೆ ಹೋಗಿ ವಾಂತಿ ಮಾಡಿದಳು. ತಮ್ಮನನ್ನು ಒಂಟಿಯಾಗಿ ಸಾಯಲು ಬಿಟ್ಟರು. ಈಗ ಅವನು ಒಂಟಿಯಾಗಿ ನಿಂತದ್ದನ್ನೂ ಕಿತ್ತುಕೊಂಡು, ಅದನ್ನು ಅವಳ ಕೈತಪ್ಪು ಮಾಡಿದರು.

ಮರುತಿಂಗಳು ಮೂವರೂ ಬಂದರು, ಮುಂಬಾಗಿಲಿನಿಂದ. ಹೊಸ ಚಕ್ರ, ಹೊಸ ಮೊಳೆಯೊಂದಿಗೆ ಅಚ್ಚುಕೂಟ ಮತ್ತೆ ತೆರೆದಿತ್ತು. ಹಲಗೆ ಅದೇ ಗೋಡೆಗೆ ಹತ್ತಿತ್ತು. ಡಾಕ್ಟರು ಬಂದಿರಲಿಲ್ಲ. ‘ನನ್ನ ಹೆಸರು ಎತ್ತಬೇಡಿ’ ಎಂದು ಚೀಟಿ ಕಳಿಸಿದ್ದರಂತೆ. ಅದನ್ನು ಹೇಳುವಾಗ ಸಾಹುಕಾರ, “ವಯಸ್ಸಾಯ್ತು, ಅರಳುಮರಳು” ಎಂದ.

“ಘೋಷಣೆಯನ್ನ ಮತ್ತೆ ಅಚ್ಚು ಮಾಡಬೇಕಮ್ಮ” ಎಂದರು ಅಧ್ಯಕ್ಷರು, ಎರಡು ಬೆರಳೆತ್ತಿ. “ಪ್ರತಿ ಶಾಲೆ, ಪ್ರತಿ ಕಚೇರಿ ಗೋಡೆಗೂ. ಐವತ್ತು ಸಾವಿರ. ಅದೇ ಅಚ್ಚುಕೂಟ, ಹುತಾತ್ಮನ ಅಕ್ಕನ ಕೈಯಿಂದಲೇ ಆಗಬೇಕು ಅಂತ ನನ್ನ ಆಸೆ. ಬಿಟ್ಟುಹೋದ ಹೆಸರುಗಳನ್ನ ಸೇರಿಸಿ. ನನ್ನದು...”

“ಮೊದಲು, ಮೂವತ್ತಾರು ಪಾಯಿಂಟು” ಎಂದಳು ಅಚ್ಚಮ್ಮ.

“ಆಹಾ, ಎಂಥ ನೆನಪು! ಹಾಗೇ ಕೆಳಗೆ, ಅಂದು ಮುದ್ರಣದೋಷ ಆಗಿತ್ತು ಅಂತ ಒಂದು ಸಾಲು.”

ಅವಳು ಹಲಗೆಯ ಕಡೆ ಕಣ್ಣು ಮಾಡಿದಳು. “ಬರೆದುಕೊಡಿ.” ಅಧ್ಯಕ್ಷರ ಪೆನ್ನು ಕಾಗದದ ಹತ್ತಿರ ಬಂದು ನಿಂತಿತು. ಬಾಯಲ್ಲಿ ಎಷ್ಟು ಸಲ ಬೇಕಾದರೂ ಹೇಳಬಹುದು; ಬರೆಯುವುದು ಬೇರೆ. ವಕೀಲಿ ಬುದ್ಧಿ ಇನ್ನೂ ಸತ್ತಿರಲಿಲ್ಲ. “ಹೋಗಲಿ ಬಿಡಿ, ಹೆಸರಿದ್ರೆ ಸಾಕು” ಎಂದರು. ಹೆಸರು ಸೇರಿಸಲು ಮೂವರೂ ಬರೆದು, ಸಹಿ ಹಾಕಿ, ಅಂದಿನ ತಾರೀಖು ಹಾಕಿದರು.

ನಾಲ್ಕು ದಿನದಲ್ಲಿ ಪ್ರೂಫು ಸಿದ್ಧವಾಯಿತು. ಮೇಲೆ ಮೂವತ್ತೆರಡು ಸಾಲು. ಕೆಳಗೆ ಅಧ್ಯಕ್ಷರ ಹೆಸರು ಹೆಬ್ಬೆರಳಿನಷ್ಟು ದಪ್ಪ, ಆಮೇಲೆ ಸಾಹುಕಾರ, ಆಮೇಲೆ ಗಂಟಲು, ಕೊನೆಯಲ್ಲಿ ಸಣ್ಣ ಮೊಳೆಯಲ್ಲಿ ತಮ್ಮ. ಒಂದೊಂದು ಹೆಸರಿನ ಅಡಿಯಲ್ಲೂ ಸಣ್ಣ ಮೊಳೆಯಲ್ಲೇ, ಯಾರು ಯಾವತ್ತು ಸಹಿ ಹಾಕಿದರೋ ಆ ತಾರೀಖು.

“ಪೂರ್ತಿ ಓದಿ ನೋಡಿ” ಎಂದಳು. ಮೋಸ ಮಾಡಲು ಅವಳಿಗೆ ಬರುತ್ತಿರಲಿಲ್ಲ. ಎರಡು ಸಲ ಹೇಳಿದಳು. “ಕೊನೇ ತನಕ ಓದಿ.”

“ಓದೋದೇನಿದೆ, ನಾವೇ ಬರೆದದ್ದಲ್ವೇ!” ಅಧ್ಯಕ್ಷರ ಕಣ್ಣು ನೆಟ್ಟಗೆ ಸ್ವಂತ ಹೆಸರಿಗೆ ಹೋಯಿತು. ಬೆರಳಿಟ್ಟು ಅದರ ಎತ್ತರ ಅಳೆದರು, ಸಾಹುಕಾರನ ಹೆಸರಿನ ಮೇಲೂ ಬೆರಳಿಟ್ಟು ಅಳೆದರು, ತೃಪ್ತರಾದರು. ‘ಅಚ್ಚಿಗೆ ಹೋಗಲಿ’ ಎಂದು ಬರೆದರು. ಅಂದು ಅವಳ ತಮ್ಮ ಬರೆದಿದ್ದ ಅದೇ ಎರಡು ಪದ. ಅವಳ ಮೈಯೆಲ್ಲ ಉರಿಯಿತು. ಯಂತ್ರ ಹೂಡಿದಳು.

ಐವತ್ತು ಸಾವಿರವೂ ಗೋಡೆಗೆ ಹತ್ತಿದವು. ಶಾಲೆಗಳಲ್ಲಿ ಮಕ್ಕಳು ಬಾಯಿಪಾಠ ಮಾಡಲು ತಾರೀಖಿನ ಸಮೇತ ಗಟ್ಟಿಯಾಗಿ ಓದಿದರು. ಒಬ್ಬರದು ನಾಡು ಕಡಲಾಚೆಯವರ ಬೂಟಿನಡಿ ಇದ್ದಾಗಿನದು, ಮೂವರದು ಹೋದ ತಿಂಗಳಿನದು. ಕಳೆಯುವ ಲೆಕ್ಕಕ್ಕೆ ಯಾರಿಗೂ ಮೇಷ್ಟ್ರು ಬೇಕಾಗಲಿಲ್ಲ. ಸಂತೆಯಲ್ಲಿ, ಬಸ್ಸಿನಲ್ಲಿ, ಕ್ಷೌರದಂಗಡಿಯಲ್ಲಿ ಜನ ನಕ್ಕರು. ನಕ್ಕು, ಆಮೇಲೆ ಕೊನೆಯ ಸಣ್ಣ ಹೆಸರನ್ನು ಇನ್ನೊಂದು ಸಲ ಓದಿದರು. ಅಚ್ಚುಕೂಟದ ಮುಂದೆ ಮನೆಗೊಂದು ಪ್ರತಿ ಬೇಕೆಂದು ಜನ ಸಾಲು ನಿಂತರು.

ಆ ಸಾಲನ್ನು ಸೀಳಿಕೊಂಡು ಅಧ್ಯಕ್ಷರು ಒಳಗೆ ನುಗ್ಗಿದರು. ಮುಖ ಕಪ್ಪಿಟ್ಟಿತ್ತು. “ಏನ್ ಮಾಡಿದ್ದೀರಿ ನೀವು? ಇಡೀ ದೇಶ ನಗ್ತಿದೆ! ಎಲ್ಲಾ ಪ್ರತಿ ವಾಪಸ್ ತರಿಸ್ತೀನಿ. ಮೊದಲು ನನ್ನ ಹೆಸರು ತೆಗೀರಿ. ಈಗಲೇ ತೆಗೀರಿ!”

ಬಾಗಿಲಲ್ಲಿ ನಿಂತವರೆಲ್ಲ ಕತ್ತು ಚಾಚಿದರು. ಅಚ್ಚಮ್ಮ ಮೂಲೆಯ ಹಳೆಯ ಮೊಳೆಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟಳು, ತಳದ ಕಾಗದವನ್ನು ಉಗುರಿನಿಂದ ಎಬ್ಬಿಸಿದಳು, ಅಡಿಯಲ್ಲಿದ್ದ ಹಾಳೆಯನ್ನು ಹೊರತೆಗೆದು ಎಲ್ಲರಿಗೂ ಕಾಣುವಂತೆ ಹರಡಿದಳು. ಹಳದಿಗಟ್ಟಿದ ಅಂಚಿನಲ್ಲಿ ಶಾಯಿ ಚೂರೂ ಮಾಸಿರಲಿಲ್ಲ. ಅಧ್ಯಕ್ಷರು ಒಂಬತ್ತು ವರ್ಷದ ಹಿಂದಿನ ಸ್ವಂತ ಅಕ್ಷರವನ್ನು, ‘ನನ್ನ ಹೆಸರು ತೆಗೆಯಿರಿ’ ಎಂಬುದನ್ನು, ತಾವೇ ಗುರುತಿಸಿದರು.

ಅವಳು ಪೆನ್ನಿನ ಮುಚ್ಚಳ ತೆಗೆದು ಅವರ ಕೈಗೆ ಕೊಟ್ಟಳು.

“ಹೋದ ಸಲ ಬರೆದಿದ್ರಲ್ಲ, ಅದರ ಕೆಳಗೇ ಇನ್ನೂ ಚೂರು ಜಾಗ ಇದೆ. ಬರೀರಿ. ಸಹಿ ಹಾಕಿ. ತಾರೀಖು ಮರೀಬೇಡಿ.”